ಅಭಿವೃದ್ಧಿ ಕಾಮಗಾರಿಗಳು ಮತ್ತು ಪುರಾತತ್ತ್ವ ನೆಲೆಗಳ ರಕ್ಷಣೆ

ಅಣೆಕಟ್ಟು, ಕಾಲುವೆ, ಹೆದ್ದಾರಿ, ರೈಲುಮಾರ್ಗ, ಗಣಿ, ಕೈಗಾರಿಕಾ ಪ್ರದೇಶ, ವಸತಿ ಬಡಾವಣೆ ಮೊದಲಾದವುಗಳಿಗಾಗಿ ನೆಲವನ್ನು ಅಗೆಯುವ, ಮಟ್ಟ ಮಾಡುವ ಅಥವಾ ಮುಳುಗಿಸುವ ಮುನ್ನ ಅಲ್ಲಿರುವ ಪ್ರಾಚೀನ ವಸತಿ ನೆಲೆ, ಕಟ್ಟಡ, ಶಾಸನ, ಗೋರಿ, ಪೂಜಾಸ್ಥಳಗಳನ್ನು ಗುರುತಿಸಿ ಉಳಿಸಿಕೊಳ್ಳುವುದು, ಉಳಿಸುವುದು ಸಾಧ್ಯವೇ ಇಲ್ಲವಾದರೆ ಸಂಪೂರ್ಣವಾಗಿ ದಾಖಲಿಸುವುದು ಈ ಕಾರ್ಯದ ವ್ಯಾಪ್ತಿ. ಇದರ ತುರ್ತುರೂಪವನ್ನು ರಕ್ಷಣಾ ಉತ್ಖನನ ಎಂದೂ, ಯೋಜನೆಯ ಹಂತದಲ್ಲೇ ಕೈಗೊಳ್ಳುವ ರೂಪವನ್ನು ಮುಂಜಾಗ್ರತಾ ಪುರಾತತ್ತ್ವ ಎಂದೂ ಕರೆಯಬಹುದು. ಎರಡರ ನಡುವಿನ ಅಂತರ ದೊಡ್ಡದು. ಮೊದಲನೆಯದು ನೀರು ಏರುತ್ತಿರುವಾಗ ನಡೆಯುವ ಕೆಲಸ. ಎರಡನೆಯದು ನಕ್ಷೆಯ ಮೇಲಿನ ಗೆರೆಯನ್ನು ಇನ್ನೂ ಅಳಿಸಿ ಬೇರೆಡೆ ಎಳೆಯಬಹುದಾದ ಕಾಲದಲ್ಲಿ ನಡೆಯುವ ಕೆಲಸ. ಭಾರತದಲ್ಲಿ ಮೊದಲನೆಯದಕ್ಕೆ ಹೆಮ್ಮೆಪಡಬಹುದಾದ ಉದಾಹರಣೆಗಳಿವೆ. ಎರಡನೆಯದು ಇನ್ನೂ ವ್ಯವಸ್ಥೆಯಾಗಿ ಬೇರೂರಿಲ್ಲ.

ಕಡಿದ ಕಾಡನ್ನು ಭಾಗಶಃವಾದರೂ ಮತ್ತೆ ಬೆಳೆಸಬಹುದು. ಕದಡಿದ ಪುರಾತನ ನೆಲೆಯನ್ನು ಮತ್ತೆ ಕಟ್ಟಲಾಗದು. ಪುರಾತತ್ತ್ವದಲ್ಲಿ ವಸ್ತುವಿನಷ್ಟೇ, ಎಷ್ಟೋ ಸಲ ವಸ್ತುವಿಗಿಂತ ಹೆಚ್ಚಾಗಿ, ಅದು ಇದ್ದ ಜಾಗ ಮುಖ್ಯ. ಯಾವ ಮಣ್ಣಿನ ಸ್ತರದಲ್ಲಿ, ಯಾವುದರ ಪಕ್ಕದಲ್ಲಿ, ಯಾವ ಬೂದಿ ಅಥವಾ ಕಾಳಿನ ಜೊತೆಗೆ ಒಂದು ಮಡಕೆ ಚೂರು ಸಿಕ್ಕಿತು ಎಂಬುದರಿಂದಲೇ ಅದರ ಕಾಲ, ಬಳಕೆ, ಬಳಸಿದವರ ಬದುಕು ತಿಳಿಯುವುದು. ಜೆಸಿಬಿಯ ಬಕೆಟ್ಟಿನಲ್ಲಿ ಎದ್ದು ಬಂದ ಮಡಕೆ ಇಡಿಯಾಗಿ ಉಳಿದಿದ್ದರೂ ಅದು ಹೇಳಬೇಕಾಗಿದ್ದ ಬಹುಪಾಲು ಸಂಗತಿ ಅಷ್ಟರಲ್ಲಿ ಹೋಗಿಬಿಟ್ಟಿರುತ್ತದೆ.

ಆರಂಭದ ನಷ್ಟಗಳು

ಹಳೆಯ ಕಟ್ಟಡದ ಕಲ್ಲು, ಇಟ್ಟಿಗೆಗಳನ್ನು ಹೊಸ ಕಟ್ಟಡಕ್ಕೆ ಒಯ್ಯುವುದು ಎಲ್ಲ ಕಾಲದಲ್ಲೂ ಎಲ್ಲ ದೇಶಗಳಲ್ಲೂ ನಡೆದಿದೆ. ಆಧುನಿಕ ಕಾಮಗಾರಿಗಳು ಅದಕ್ಕೆ ಹಿಂದೆಂದೂ ಇಲ್ಲದ ವೇಗವನ್ನೂ ಪ್ರಮಾಣವನ್ನೂ ತಂದವು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಾಹೋರ್-ಮುಲ್ತಾನ್ ರೈಲುಮಾರ್ಗ ಹಾಕುವಾಗ ಹರಪ್ಪದ ದಿಬ್ಬಗಳಿಂದ ಇಟ್ಟಿಗೆಗಳನ್ನು ಕಿತ್ತು ಸುಮಾರು ನೂರು ಮೈಲಿ ಹಳಿಯ ಕೆಳಗೆ ಹಾಸಿಗೆಯಾಗಿ ಹರಡಲಾಯಿತು. ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಇದನ್ನು ದಾಖಲಿಸಿದರೂ, ಅದು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ನಾಗರಿಕತೆಯ ನಗರವೆಂಬುದು ಜಗತ್ತಿಗೆ ತಿಳಿದದ್ದು 1920ರ ದಶಕದಲ್ಲಿ. ಅಷ್ಟು ಹೊತ್ತಿಗೆ ನಗರದ ಮೇಲಿನ ಸ್ತರಗಳ ದೊಡ್ಡ ಭಾಗ ಹಾಳಾಗಿತ್ತು. ಆಂಧ್ರದ ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಚಪ್ಪಡಿಗಳು ಹದಿನೆಂಟನೆಯ ಶತಮಾನದ ಕೊನೆಗೆ ಅಲ್ಲಿನ ಜಮೀನ್ದಾರ ಕಟ್ಟಿಸುತ್ತಿದ್ದ ಹೊಸ ಊರಿಗೆ ಹೋದವು.

ಕಾಮಗಾರಿ, ಶೋಧಗಳಿಂದಲೇ ಇತಿಹಾಸ ಬೆಳಕಿಗೆ ಬಂದ ನಿದರ್ಶನಗಳೂ ಇವೆ. ಅಶೋಕನ ಹೆಸರು ನೇರವಾಗಿ ಬರುವ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವರು ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯ ಸಂಕೀರ್ಣದ ಕಾಳಿ ಗುಡಿಯ ಚಾವಣಿ ಕುಸಿದ ಬಳಿಕ ವಿಗ್ರಹದ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನಗಳಿರುವುದು ತಿಳಿಯಿತು. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ನಡೆದ ಉತ್ಖನನದಲ್ಲಿ ಮಹಾಸ್ತೂಪವೂ ಅಶೋಕನ ಹೆಸರು ಕೊರೆದ ಶಿಲ್ಪಫಲಕವೂ ಸಿಕ್ಕಿದವು. ನೋಡಬಲ್ಲ ಕಣ್ಣು ಆ ಹೊತ್ತಿಗೆ ಅಲ್ಲಿದ್ದುದರಿಂದ ಇವು ಉಳಿದವು. ರಕ್ಷಣೆಯನ್ನು ಇಂಥ ಆಕಸ್ಮಿಕಕ್ಕೆ ಬಿಡಬಾರದೆಂಬ ವಿಚಾರ ಬಲವಾದದ್ದು ದೊಡ್ಡ ಅಣೆಕಟ್ಟುಗಳ ಕಾಲದಲ್ಲಿ.

ಮುಳುಗಡೆ: ನೈಲ್ ಮತ್ತು ಕೃಷ್ಣಾ

ಈಜಿಪ್ಟಿನ ಆಸ್ವಾನ್ ಮೇಲಣೆಯಿಂದ ನೂಬಿಯಾ ಪ್ರದೇಶವೆಲ್ಲ ಮುಳುಗಲಿದ್ದಾಗ 1960ರ ಮಾರ್ಚ್‌ನಲ್ಲಿ ಯುನೆಸ್ಕೊ ಜಗತ್ತಿನ ರಾಷ್ಟ್ರಗಳಿಗೆ ನೆರವಿನ ಕರೆ ಕೊಟ್ಟಿತು. ಅಬು ಸಿಂಬೆಲ್‌ನ ಎರಡು ಗುಡಿಗಳನ್ನು ಬೆಟ್ಟದಿಂದ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರ್ ಎತ್ತರದಲ್ಲಿ ಮತ್ತೆ ಜೋಡಿಸಲಾಯಿತು. ಈ ಕೆಲಸ 1964ರಿಂದ 1968ರವರೆಗೆ ನಡೆಯಿತು. ಫಿಲೆ ದ್ವೀಪದ ಗುಡಿಗಳು ಪಕ್ಕದ ದ್ವೀಪಕ್ಕೆ ಹೋದವು. ನೆರವಾದ ದೇಶಗಳಿಗೆ ಈಜಿಪ್ಟ್ ಕೆಲವು ಗುಡಿಗಳನ್ನೇ ಕೊಟ್ಟಿತು. ದೆಂಡೂರ್ ಗುಡಿ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಬಿ.ಬಿ. ಲಾಲ್ ನೇತೃತ್ವದ ಭಾರತೀಯ ತಂಡವೂ ನೂಬಿಯಾದ ಅಫಿಯೇ ಎಂಬಲ್ಲಿ ಉತ್ಖನನ ನಡೆಸಿತು. ದೂರದ ದೇಶವೊಂದರ ಗುಡಿಗಾಗಿ ರಾಷ್ಟ್ರಗಳು ಹಣ ಕೂಡಿಸಿದ ಈ ಅನುಭವವೇ 1972ರ ವಿಶ್ವ ಪರಂಪರೆ ಒಪ್ಪಂದಕ್ಕೆ ದಾರಿಮಾಡಿತು.

ಯುನೆಸ್ಕೊದ ಕರೆಗೆ ಮೊದಲೇ ಭಾರತ ಕೃಷ್ಣಾ ಕಣಿವೆಯಲ್ಲಿ ಅಂಥದೇ ಕೆಲಸಕ್ಕೆ ಕೈಹಾಕಿತ್ತೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ನಾಗಾರ್ಜುನಕೊಂಡ 1926ರಲ್ಲಿ ಬೆಳಕಿಗೆ ಬಂದ ಕಣಿವೆ. ಮೂರು ಮತ್ತು ನಾಲ್ಕನೆಯ ಶತಮಾನಗಳಲ್ಲಿ ಆಳಿದ ಇಕ್ಷ್ವಾಕುಗಳ ರಾಜಧಾನಿ ವಿಜಯಪುರಿ ಇದ್ದದ್ದು ಅಲ್ಲೇ. ಅಲ್ಲಿನ ಶಾಸನವೊಂದು ವೀರಪುರುಷದತ್ತನ ಮಗಳು ಕೊಡಬಲಿಸಿರಿ ವನವಾಸದ, ಅಂದರೆ ನಮ್ಮ ಬನವಾಸಿಯ ಮಹಾರಾಜನ ರಾಣಿ ಎನ್ನುತ್ತದೆ. ಕರ್ನಾಟಕದ ಅತ್ಯಂತ ಹಳೆಯ ರಾಜಸಂಬಂಧಗಳಲ್ಲಿ ಒಂದಕ್ಕೆ ಸಾಕ್ಷಿ ಆ ಕಣಿವೆಯಲ್ಲಿತ್ತು. ನಾಗಾರ್ಜುನಸಾಗರದ ನಿರ್ಧಾರವಾದ ಮೇಲೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ 1954ರಿಂದ 1960ರವರೆಗೆ ಆರ್. ಸುಬ್ರಹ್ಮಣ್ಯಂ ಅವರ ಮುಂದಾಳುತನದಲ್ಲಿ ಕಣಿವೆಯನ್ನು ವ್ಯಾಪಕವಾಗಿ ಅಗೆಯಿತು. ಶಿಲಾಯುಗದ ಉಪಕರಣಗಳಿಂದ ಹಿಡಿದು ಬೌದ್ಧ ವಿಹಾರ, ಅಶ್ವಮೇಧದ ಕೊಳ, ಸುತ್ತ ಮೆಟ್ಟಿಲುಗಳಿರುವ ಕ್ರೀಡಾಂಗಣ, ಮಧ್ಯಯುಗದ ಕೋಟೆಯವರೆಗೆ ಎಲ್ಲ ಕಾಲದ ಅವಶೇಷಗಳು ಸಿಕ್ಕಿದವು. ಆಯ್ದ ಕಟ್ಟಡಗಳನ್ನು ಕಳಚಿ ಬೆಟ್ಟದ ಮೇಲೂ ದಂಡೆಯ ಅನುಪು ಎಂಬಲ್ಲಿಯೂ ಮರುಜೋಡಿಸಿದರು. ಆ ಬೆಟ್ಟದ ತುದಿ ಇಂದು ಜಲಾಶಯದ ನಡುವಿನ ದ್ವೀಪ, ಅಲ್ಲೇ ವಸ್ತುಸಂಗ್ರಹಾಲಯ.

ಒಂದು ಕಣಿವೆಯ ಇಡೀ ಇತಿಹಾಸವನ್ನು ಆರು ವರ್ಷಗಳಲ್ಲಿ ಓದಿ ಮುಗಿಸಬೇಕಾದ ಒತ್ತಡದಲ್ಲಿ ಆ ತಂಡ ಮಾಡಿದ ಕೆಲಸ ಅಸಾಧಾರಣ. ಆದರೆ ಉತ್ಖನನದ ವರದಿಯ ಮೊದಲ ಸಂಪುಟ ಹೊರಬಂದದ್ದು 1975ರಲ್ಲಿ, ಎರಡನೆಯದು 2006ರಲ್ಲಿ. ಕೆಲಸ ನಿಂತ 46 ವರ್ಷಗಳ ಮೇಲೆ! ನೆಲೆ ನೀರಿನಡಿ ಸೇರಿದ ಮೇಲೆ ವರದಿಯೊಂದೇ ಅದರ ಉಳಿಕೆ. ವರದಿ ತಡವಾದಷ್ಟೂ ಅಗೆದವರ ನೆನಪು ಮಾಸುತ್ತದೆ, ಟಿಪ್ಪಣಿಗಳು ಚದುರುತ್ತವೆ, ಸಂಶಯ ಬಂದರೆ ಹಿಂದಿರುಗಿ ನೋಡಲು ಸ್ಥಳವೇ ಇರುವುದಿಲ್ಲ. ಆದ್ದರಿಂದ ರಕ್ಷಣಾ ಉತ್ಖನನದ ಖರ್ಚಿನಲ್ಲಿ ಬರವಣಿಗೆಯ ಮತ್ತು ಪ್ರಕಟಣೆಯ ಖರ್ಚನ್ನೂ ಮೊದಲೇ ಸೇರಿಸಬೇಕೆಂಬುದು ಈ ಕ್ಷೇತ್ರದ ಅನುಭವಿಗಳ ಒಮ್ಮತ.

ಕೃಷ್ಣೆಯ ಮೇಲ್ಭಾಗದಲ್ಲಿ ಬೇರೆ ಬೇರೆ ಉಪಾಯಗಳನ್ನು ಪ್ರಯೋಗಿಸಲಾಗಿದೆ. ಶ್ರೀಶೈಲಂ ಜಲಾಶಯದ ಹಿನ್ನೀರಿಗೆ ಸಿಕ್ಕಲಿದ್ದ, ತುಂಗಭದ್ರಾ-ಕೃಷ್ಣಾ ಸಂಗಮದ ಕೂಡವೆಲ್ಲಿ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಕಟ್ಟಿದರು. ಬಾದಾಮಿ ಚಾಲುಕ್ಯರ ಶೈಲಿಯ ಈ ಗುಡಿ ಕನ್ನಡ ನಾಡಿನ ಕಲಾಚರಿತ್ರೆಗೆ ನೇರವಾಗಿ ಸೇರಿದ್ದು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ದುಂಡನೆಯ ಬಾವಿಯಂಥ ಗೋಡೆ ಕಟ್ಟಿ, ಅದಿದ್ದ ಜಾಗದಲ್ಲೇ ಉಳಿಸಿಕೊಳ್ಳಲಾಯಿತು. ಭಕ್ತರು ಸೇತುವೆಯ ಮೇಲೆ ನಡೆದು ಹೋಗಿ ಒಳಗಿಳಿದು ದರ್ಶನ ಪಡೆಯುತ್ತಾರೆ. ಚೀನಾದ ತ್ರೀ ಗಾರ್ಜಸ್ ಜಲಾಶಯದಲ್ಲಿ ಮುಳುಗಿದ ಬೈಹೆಲಿಯಾಂಗ್ ಬಂಡೆಯ, ನದಿ ಇಳಿದಾಗಿನ ಕನಿಷ್ಠ ನೀರಿನ ಮಟ್ಟವನ್ನು ದಾಖಲಿಸುವ ಶಾಸನಗಳಿಗೆ 2009ರಲ್ಲಿ ನೀರೊಳಗೇ ವಸ್ತುಸಂಗ್ರಹಾಲಯ ಕಟ್ಟಿದ್ದಾರೆ. ಕೂಡಲಸಂಗಮದ ಏರ್ಪಾಡು ಅದಕ್ಕಿಂತ ಹಳೆಯದು.

ಕನ್ನಂಬಾಡಿಯ ಕಥೆ ಬೇರೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದಲ್ಲಿ ಊರೂ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿಯೂ ಮುಳುಗಿದವು. ಊರಿನವರು ದಂಡೆಗೆ ಬಂದು ಹೊಸ ಕನ್ನಂಬಾಡಿ ಕಟ್ಟಿಕೊಂಡರು. ಬರಗಾಲದಲ್ಲಿ ನೀರು ಇಳಿದಾಗಷ್ಟೇ ಕಾಣುತ್ತಿದ್ದ ಗುಡಿಯನ್ನು ಹಲವು ದಶಕಗಳ ನಂತರ, ಈ ಶತಮಾನದಲ್ಲಿ, ಖೋಡೆ ಪ್ರತಿಷ್ಠಾನ ಬಿಚ್ಚಿ ತಂದು ದಂಡೆಯ ಮೇಲೆ ಮರುನಿರ್ಮಿಸಿತು. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರು ಹಳೆಯ ಪೇಟೆಯ ಭಾಗಗಳನ್ನೇ ತೆಗೆದುಕೊಂಡಿತು, ನವನಗರ ಎದ್ದಿತು. ಮನೆಗೆ, ಹೊಲಕ್ಕೆ ಪರಿಹಾರ ಲೆಕ್ಕಹಾಕುವ ವಿಧಾನ ನಮ್ಮಲ್ಲಿದೆ. ಓಣಿ, ಅಗಸೆ ಬಾಗಿಲು, ಜಾತ್ರೆಯ ತೇರು ಹೊರಳುತ್ತಿದ್ದ ತಿರುವು, ಹಿರಿಯರ ಗದ್ದುಗೆ, ಗೋರಿಗಳು, ಇವು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಕೊಡಗಿನ ದೇವರಕಾಡು, ಕರಾವಳಿಯ ನಾಗಬನ ಮತ್ತು ದೈವಸ್ಥಾನಗಳ ಸ್ಥಿತಿಯೂ ಹೀಗೆಯೇ. ಅವುಗಳಲ್ಲಿ ನೂರು ವರ್ಷ ಹಳೆಯ ಕಟ್ಟಡವೇ ಇಲ್ಲದಿರಬಹುದು. ಆದರೂ ಆ ಜನರ ಪಾಲಿಗೆ ಅವು ಯಾವ ಶಿಲಾದೇಗುಲಕ್ಕೂ ಕಡಿಮೆಯಲ್ಲ. ಸಾಂಸ್ಕೃತಿಕ ಸಂಪತ್ತು ಎಂಬ ಮಾತಿನೊಳಗೆ ಇವನ್ನೂ ಸೇರಿಸದ ಸಮೀಕ್ಷೆ ಅರ್ಧ ಸಮೀಕ್ಷೆ.

ಇತರ ದೇಶಗಳ ಕಾನೂನು ಮತ್ತು ಅನುಭವ

ಖಾಸಗಿ ಹಾಗೂ ಸರಕಾರಿ ಕಾಮಗಾರಿಗಳಿಂದ ಅಪಾಯಕ್ಕೆ ಸಿಕ್ಕ ಸಾಂಸ್ಕೃತಿಕ ಆಸ್ತಿಯ ಕುರಿತು ಯುನೆಸ್ಕೊ 1968ರಲ್ಲೇ ಶಿಫಾರಸು ಹೊರಡಿಸಿತು. ಅಮೆರಿಕದಲ್ಲಿ 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯಿದೆಯ 106ನೆಯ ಪ್ರಕರಣವು, ಕೇಂದ್ರ ಸರಕಾರದ ಹಣ ಅಥವಾ ಅನುಮತಿ ಇರುವ ಪ್ರತಿ ಯೋಜನೆಯೂ ಐತಿಹಾಸಿಕ ನೆಲೆಗಳ ಮೇಲಾಗುವ ಪರಿಣಾಮವನ್ನು ಮೊದಲೇ ಪರಿಗಣಿಸಬೇಕೆಂದು ವಿಧಿಸಿತು. ಇಂಗ್ಲೆಂಡಿನಲ್ಲಿ 1989ರಲ್ಲಿ ಷೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ತಳಪಾಯ ಕಚೇರಿ ಕಟ್ಟಡದ ಅಗೆತದಲ್ಲಿ ಕಾಣಿಸಿಕೊಂಡು ದೊಡ್ಡ ವಿವಾದವಾಯಿತು. ಮರುವರ್ಷವೇ ಬಂದ ಯೋಜನಾ ಮಾರ್ಗಸೂಚಿ, ಪರವಾನಗಿ ಕೊಡುವ ಮುನ್ನವೇ ನೆಲದಡಿ ಏನಿದೆಯೆಂದು ತಿಳಿಯುವ ಹೊಣೆಯನ್ನು ಕಟ್ಟುವವರ ಮೇಲೆ ಹಾಕಿತು. ಯುರೋಪಿನ ದೇಶಗಳು 1992ರಲ್ಲಿ ಮಾಲ್ಟಾದ ವಲೆಟಾದಲ್ಲಿ ಒಪ್ಪಿದ ಒಡಂಬಡಿಕೆಯ ತಿರುಳೂ ಇದೇ: ನೆಲವನ್ನು ಕದಡುವವರು ಅದರ ಅಧ್ಯಯನದ ವೆಚ್ಚವನ್ನು ಭರಿಸಬೇಕು. ಫ್ರಾನ್ಸ್ 2001ರಲ್ಲಿ ಇದನ್ನೇ ಕಾನೂನಾಗಿಸಿ, ಮರುವರ್ಷ ಇನ್ರಾಪ್ ಎಂಬ ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿ ಪರಿಶೀಲನೆಗೆ ಆಯ್ದ ಜಮೀನಿನಲ್ಲಿ ಮೊದಲು ಉದ್ದುದ್ದ ಪರೀಕ್ಷಾ ಕಂದಕಗಳನ್ನು ತೋಡುತ್ತಾರೆ. ಸಿಕ್ಕಿದ್ದನ್ನು ನೋಡಿ ಮುಂದೆ ಅಗೆಯಬೇಕೇ, ಯೋಜನೆ ಬದಲಿಸಬೇಕೇ, ನೆಲವನ್ನು ಕಟ್ಟುವವರಿಗೆ ಬಿಟ್ಟುಕೊಡಬೇಕೇ ಎಂದು ತೀರ್ಮಾನಿಸುತ್ತಾರೆ.

ಕಾಮಗಾರಿಯೂ ಇತಿಹಾಸವೂ ಒಟ್ಟಿಗೆ ಗೆಲ್ಲಬಹುದೆಂಬುದಕ್ಕೆ ಇಸ್ತಾಂಬುಲ್‌ನ ಯೆನಿಕಾಪಿ ದೊಡ್ಡ ನಿದರ್ಶನ. ಬಾಸ್ಫರಸ್ ಕೆಳಗಿನ ರೈಲುಮಾರ್ಗದ ನಿಲ್ದಾಣಕ್ಕಾಗಿ 2004ರಲ್ಲಿ ಅಗೆದಾಗ ಬೈಜಾಂಟಿಯಮ್ ಕಾಲದ ಬಂದರೂ 37 ಹಡಗುಗಳೂ, ಅವುಗಳ ಕೆಳಗೆ ನವಶಿಲಾಯುಗದ ವಸತಿಯೂ ದೊರೆತವು. ರೈಲು ಕೆಲವು ವರ್ಷ ತಡವಾಗಿ, 2013ರಲ್ಲಿ ಓಡಿತು. ಆ ತಡದಿಂದ ಊರಿಗೆ ದಕ್ಕಿದ್ದು ಸಾವಿರಾರು ವರ್ಷಗಳ ಚರಿತ್ರೆ. ನ್ಯೂಯಾರ್ಕಿನಲ್ಲಿ 1991ರಲ್ಲಿ ಸರಕಾರಿ ಕಟ್ಟಡವೊಂದರ ತಳಪಾಯದಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರ ಸಮಾಧಿಭೂಮಿ ಸಿಕ್ಕಿತು. 400ಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ತೆಗೆದ ಹಂತದಲ್ಲಿ ಕಪ್ಪು ಜನಸಮುದಾಯ ಪ್ರತಿಭಟಿಸಿ ಕೆಲಸ ನಿಲ್ಲಿಸಿತು. ಅಧ್ಯಯನದ ಬಳಿಕ 2003ರಲ್ಲಿ ಆ ಅಸ್ಥಿಗಳನ್ನು ಗೌರವದಿಂದ ಅಲ್ಲೇ ಮರಳಿ ಮಣ್ಣುಮಾಡಲಾಯಿತು. ಅಗೆತದ ಜಾಗದ ಬಗ್ಗೆ ಮಾತಾಡುವ ಹಕ್ಕು ತಜ್ಞರಿಗೆ ಮಾತ್ರ ಇರುವುದಲ್ಲ, ಅಲ್ಲಿ ಮಲಗಿರುವವರ ವಂಶಜರಿಗೂ ಇದೆ ಎಂಬುದನ್ನು ಸ್ಥಾಪಿಸಿದ ಪ್ರಕರಣವಿದು.

ಕಾನೂನು ಇದ್ದೂ ಕೈಕೊಟ್ಟ ಪ್ರಕರಣ ಪಶ್ಚಿಮ ಆಸ್ಟ್ರೇಲಿಯದ ಜೂಕನ್ ಕಣಿವೆಯದು. ಸುಮಾರು 46,000 ವರ್ಷಗಳಿಂದ ಮನುಷ್ಯರ ಸುಳಿವಿದ್ದ ಕಲ್ಲಾಸರೆಯನ್ನು ರಿಯೊ ಟಿಂಟೊ ಕಂಪನಿ 2020ರ ಮೇ ತಿಂಗಳಲ್ಲಿ ಕಬ್ಬಿಣದ ಅದಿರಿಗಾಗಿ ಸಿಡಿಸಿತು. ಅದಕ್ಕೆ 2013ರಲ್ಲೇ ಅನುಮತಿ ಸಿಕ್ಕಿತ್ತು. ನೆಲೆಯ ಮಹತ್ತ್ವ ಪೂರ್ತಿ ತಿಳಿದದ್ದು ಅನಂತರದ ಉತ್ಖನನದಲ್ಲಿ. ಒಮ್ಮೆ ಕೊಟ್ಟ ಪರವಾನಗಿಯನ್ನು ಹೊಸ ತಿಳಿವಳಿಕೆಯ ಬೆಳಕಿನಲ್ಲಿ ಮರುಪರಿಶೀಲಿಸುವ ದಾರಿ ಆ ಕಾನೂನಿನಲ್ಲಿ ಇರಲಿಲ್ಲ. ಕಂಪನಿಯ ಮುಖ್ಯಸ್ಥರು ಹುದ್ದೆ ಬಿಟ್ಟರು. ಆ ನೆಲದ ಮೂಲನಿವಾಸಿಗಳು ಕಳೆದುಕೊಂಡದ್ದು ಮಾತ್ರ ಹೋಯಿತು.

ಭಾರತದ ಕಾನೂನು ಮತ್ತು ಅದರ ಕೊರತೆ

ರಾಷ್ಟ್ರೀಯ ಮಹತ್ತ್ವದ ಸ್ಮಾರಕಗಳನ್ನು ಹಾಳಾಗದಂತೆ ಕಾಯುವುದು ರಾಜ್ಯದ ಕರ್ತವ್ಯವೆಂದು ಸಂವಿಧಾನದ 49ನೆಯ ವಿಧಿ ಹೇಳುತ್ತದೆ. 1904ರ ಕಾಯಿದೆಯ ನಂತರ 1958ರಲ್ಲಿ ಬಂದ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ತ್ವ ನೆಲೆಗಳು ಹಾಗೂ ಅವಶೇಷಗಳ ಕಾಯಿದೆ ಇಂದಿಗೂ ಮುಖ್ಯ ಆಧಾರ. ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಟ್ಟಡ, ಗವಿ, ಶಾಸನ ಮೊದಲಾದವನ್ನು ಇದರಡಿ ರಾಷ್ಟ್ರೀಯ ಮಹತ್ತ್ವದವೆಂದು ಘೋಷಿಸಬಹುದು. 1992ರ ಅಧಿಸೂಚನೆ ಮತ್ತು 2010ರ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿರ್ಬಂಧಿತ ವಲಯ. ಅನುಮತಿಗಳನ್ನು ಪರಿಶೀಲಿಸಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಇದೆ. ಕರ್ನಾಟಕದಲ್ಲಿ 1961ರ ರಾಜ್ಯ ಕಾಯಿದೆ ರಾಜ್ಯ ರಕ್ಷಿತ ಸ್ಮಾರಕಗಳಿಗೆ ಅನ್ವಯಿಸುತ್ತದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ವರದಿ ಮಾಡಬೇಕೆಂಬ ನಿಯಮ 1878ರಿಂದಲೂ ಇದೆ. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯಿದೆ ಇದೆ.

ಈ ವಲಯಗಳು ಎಷ್ಟೋ ಸ್ಮಾರಕಗಳನ್ನು ಉಳಿಸಿವೆ. ಜೊತೆಗೆ ತಲೆಮಾರುಗಳಿಂದ ಅಲ್ಲೇ ಇರುವ ಜನರಿಗೆ ಮನೆ ರಿಪೇರಿ ಮಾಡಿಸಿಕೊಳ್ಳುವುದೂ ಕಷ್ಟವಾಗಿದೆ. ಐಹೊಳೆಯಲ್ಲಿ ಗುಡಿಗಳಿಗೆ ಒತ್ತಿಕೊಂಡೇ ಮನೆಗಳಿವೆ; ಊರನ್ನು ಸ್ಥಳಾಂತರಿಸುವ ಮಾತು ಹಲವು ದಶಕಗಳಿಂದ ನಡೆಯುತ್ತಲೇ ಇದೆ. ಬಡವರ ಮನೆಗೆ ಸೂರು ಹೊದಿಸಲು ಅನುಮತಿ ತಡವಾದರೆ ಜನ ಸ್ಮಾರಕವನ್ನೇ ಶತ್ರುವಾಗಿ ಕಾಣತೊಡಗುತ್ತಾರೆ, ಅದು ಸ್ಮಾರಕಕ್ಕೂ ಕೇಡು.

ಆದರೆ ಮೂಲ ಕೊರತೆ ಇರುವುದು ಘೋಷಣೆಯ ಪದ್ಧತಿಯಲ್ಲೇ. ಭಾರತದ ಕಾನೂನು ಪಟ್ಟಿಯಲ್ಲಿರುವುದನ್ನು ಕಾಯುತ್ತದೆ, ಕಾಮಗಾರಿ ನಾಶಮಾಡುವುದು ಹೆಚ್ಚಾಗಿ ಪಟ್ಟಿಯಲ್ಲಿಲ್ಲದ್ದನ್ನು. ಇಡೀ ದೇಶದಲ್ಲಿ ಕೇಂದ್ರದ ರಕ್ಷಣೆ ಪಡೆದ ಸ್ಮಾರಕಗಳು ಸುಮಾರು 3,700. ಹಳ್ಳಿಗೊಂದು ವೀರಗಲ್ಲು, ಹೋಬಳಿಗೊಂದು ಹಾಳೂರ ದಿಬ್ಬ ಇರುವ ನಾಡಿನಲ್ಲಿ ಇದು ಹಿಡಿಯಷ್ಟು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಅರ್ಜಿ ನಮೂನೆ ಸಾಂಸ್ಕೃತಿಕ ಮಹತ್ತ್ವದ ರಕ್ಷಿತ ಪ್ರದೇಶಗಳು ಹತ್ತಿರದಲ್ಲಿವೆಯೇ ಎಂದು ಕೇಳುತ್ತದೆ. ನೆಲದಡಿ ಏನಿದೆಯೆಂದು ಪುರಾತತ್ತ್ವಜ್ಞರಿಂದ ಹೊಲ ಹೊಲ ನಡೆದು ನೋಡಿಸಬೇಕೆಂಬ ಸಾಮಾನ್ಯ ಕಡ್ಡಾಯ ಯಾವ ಕಾನೂನಿನಲ್ಲೂ ಇಲ್ಲ. ಹೀಗಾಗಿ ಬಡಾವಣೆಗೆ ಭೂಪರಿವರ್ತನೆಯಾಗುವ ಜಮೀನಿನಲ್ಲಿ ಮೂರು ಸಾವಿರ ವರ್ಷದ ಗೋರಿಗಳಿದ್ದರೂ ಕಡತದಲ್ಲಿ ಅದು ಬರೀ ಖುಷ್ಕಿ.

ಪಟ್ಟಿಯಲ್ಲಿದ್ದವೂ ಉಳಿದಿಲ್ಲ. ಮಹಾಲೇಖಪಾಲರ 2013ರ ವರದಿ, ಪರಿಶೀಲಿಸಿದ 1,655 ಸ್ಮಾರಕಗಳಲ್ಲಿ 92 ಕಾಣೆಯಾಗಿವೆ ಎಂದಿತು. ಕೇಂದ್ರ ಸರಕಾರ ಬಳಿಕ ಸಂಸದೀಯ ಸಮಿತಿಗೆ ಕೊಟ್ಟ ಲೆಕ್ಕದಲ್ಲಿ 14 ಸ್ಮಾರಕಗಳು ನಗರ ಬೆಳವಣಿಗೆಯಲ್ಲಿ ಅಳಿದಿವೆ, 12 ಜಲಾಶಯಗಳಲ್ಲಿ ಮುಳುಗಿವೆ, 24 ಎಲ್ಲಿವೆಯೆಂದೇ ಪತ್ತೆಯಿಲ್ಲ.

ಕರ್ನಾಟಕದ ಕೆಲವು ಪ್ರಕರಣಗಳು

ಹಂಪಿಯ ಸೇತುವೆ ಈ ವಿಷಯದಲ್ಲಿ ಎಲ್ಲರೂ ಓದಬೇಕಾದ ಪಾಠ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ 1999ರಲ್ಲಿ ಅಪಾಯದಲ್ಲಿರುವ ನೆಲೆಗಳ ಪಟ್ಟಿಗೆ ಇಳಿಯಿತು. ಪ್ರಮುಖ ಕಾರಣ ತುಂಗಭದ್ರೆಗೆ ಅಡ್ಡಲಾಗಿ ತಳವಾರಘಟ್ಟದಿಂದ ಆನೆಗೊಂದಿಯ ಕಡೆಗೆ ಕಟ್ಟುತ್ತಿದ್ದ ತೂಗುಸೇತುವೆ. ಆನೆಗೊಂದಿಯವರಿಗೆ ಸೇತುವೆ ಬೇಕಿತ್ತು; ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಯನ್ನು ತೆಪ್ಪದಲ್ಲಿ ದಾಟುವ ಕಷ್ಟ ಅವರದು. ಆ ಬೇಡಿಕೆ ನ್ಯಾಯವಾದದ್ದು. ತಪ್ಪಾದದ್ದು ಜಾಗದ ಆಯ್ಕೆ. ಕೆಲಸ ನಿಂತಿತು, 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯಿದೆಯಾಯಿತು, 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಮತ್ತೆ ಕೈಗೆತ್ತಿಕೊಂಡ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕೊನೆಗೆ ಬುಕ್ಕಸಾಗರ-ಕಡೇಬಾಗಿಲು ನಡುವೆ ಸೇತುವೆ ಬಂತು. ಬೇರೆ ಜಾಗ ಇತ್ತು ಎಂದಾಯಿತಲ್ಲ! ಅದನ್ನು ಮೊದಲ ದಿನವೇ ಹುಡುಕಿದ್ದರೆ ಹಣ, ಕಾಲ, ಜೀವ ಎಲ್ಲವೂ ಉಳಿಯುತ್ತಿದ್ದವು.

ಶ್ರೀರಂಗಪಟ್ಟಣದಲ್ಲಿ ಬೆಂಗಳೂರು-ಮೈಸೂರು ಜೋಡಿ ರೈಲುಮಾರ್ಗಕ್ಕೆ ಟಿಪ್ಪು ಕಾಲದ ಮದ್ದಿನಮನೆ ಅಡ್ಡವಾಯಿತು. ಒಡೆಯುವ ಬದಲು 2017ರಲ್ಲಿ ಇಟ್ಟಿಗೆ-ಗಾರೆಯ ಆ ಕಟ್ಟಡವನ್ನು ಇಡಿಯಾಗಿ ಜಾಕಿಗಳ ಮೇಲೆ ಎತ್ತಿ, ಸುಮಾರು ನೂರು ಮೀಟರ್ ದೂರಕ್ಕೆ ಸರಿಸಿ ನಿಲ್ಲಿಸಿದರು. ರೈಲ್ವೆ ಇಲಾಖೆ ಇದಕ್ಕೆ ವರ್ಷಗಟ್ಟಲೆ ಕಾದದ್ದೂ ಹಣ ಕೊಟ್ಟದ್ದೂ ಮೆಚ್ಚಬೇಕಾದ ಸಂಗತಿ. ಆದರೂ ಸ್ಥಳಾಂತರವನ್ನು ಕೊನೆಯ ಉಪಾಯವಾಗಿಯೇ ಇಟ್ಟುಕೊಳ್ಳಬೇಕು. ಕೋಟೆಯಲ್ಲಿ ಮದ್ದಿನಮನೆ ಎಲ್ಲಿತ್ತು, ಯಾಕೆ ಅಲ್ಲೇ ಇತ್ತು ಎಂಬ ಸೈನಿಕ ಲೆಕ್ಕಾಚಾರ ಕಟ್ಟಡದ ಜೊತೆಗೆ ಸರಿದು ಬರುವುದಿಲ್ಲ. ಟಿಪ್ಪು ಕಾಲಕ್ಕೇ ಸೇರಿದ ಇನ್ನೊಂದು ಶೋಧ ಹೊಸನಗರ ತಾಲೂಕಿನ ನಗರದಲ್ಲಿ ಆಯಿತು: 2018ರಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳನ್ನು ಪುರಾತತ್ತ್ವ ಇಲಾಖೆ ಹೊರತೆಗೆಯಿತು. ಬಾವಿ ಮುಚ್ಚಿ ಮೇಲೆ ಕಟ್ಟಡ ಎಬ್ಬಿಸಿದ್ದರೆ ಯುದ್ಧತಂತ್ರದ ಚರಿತ್ರೆಯ ಅತಿ ದೊಡ್ಡ ಸಾಕ್ಷ್ಯಗಳಲ್ಲಿ ಒಂದು ಹೂತೇ ಹೋಗುತ್ತಿತ್ತು.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳಿಗೆ ಅಂಥ ಅದೃಷ್ಟವಿಲ್ಲ. ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಆದ ಈ ದಿಬ್ಬಗಳು ದಕ್ಷಿಣ ಭಾರತದ ವಿಶಿಷ್ಟ ನೆಲೆಗಳು. ಕುಡತಿನಿಯದು ಹತ್ತೊಂಬತ್ತನೆಯ ಶತಮಾನದಿಂದಲೇ ವಿದ್ವಾಂಸರಿಗೆ ಗೊತ್ತು. ನೋಡುವವರಿಗೆ ಬರೀ ಬೂದಿಮಣ್ಣು. ಹೊಲಕ್ಕೆ, ರಸ್ತೆಗೆ ತುಂಬಿಕೊಂಡು ಹೋಗಲು ಸುಲಭ. ಸಂಗನಕಲ್ಲು-ಕಪ್ಪಗಲ್ಲು ಬೆಟ್ಟಗಳಲ್ಲಿ ಕಲ್ಲುಕೊಡಲಿ ತಯಾರಿಸುತ್ತಿದ್ದ ತಾಣಗಳೂ ಬಂಡೆಯ ಮೇಲೆ ಕುಟ್ಟಿದ ಚಿತ್ರಗಳೂ ಬಡಿದರೆ ನಾದ ಹೊರಡುವ ಕಲ್ಲುಗಳೂ ಇವೆ. ಕಲ್ಲುಕ್ವಾರಿ ಅಲ್ಲಿ ಕೆಲವು ಭಾಗಗಳನ್ನು ತಿಂದಿದೆ. ಶಿಲ್ಪ, ಗೋಪುರ ಇದ್ದರಷ್ಟೇ ಪ್ರಾಚೀನ ಎಂಬ ನಮ್ಮ ರೂಢಿಯ ಕಣ್ಣು ಬದಲಾಗದೆ ಇಂಥ ನೆಲೆಗಳು ಉಳಿಯವು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಈ ದಿಕ್ಕಿನಲ್ಲಿ ಒಳ್ಳೆಯ ಕೆಲಸ ಮಾಡುತ್ತಿದೆ.

ಬೆಂಗಳೂರಿನಲ್ಲಿ ನಷ್ಟವನ್ನು ಅಳೆಯಲು ಒಂದು ಅಳತೆಗೋಲು ಉಂಟು. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಊರು ಊರಾಗಿ ಪ್ರಕಟಿಸಿದರು. ಇಂದು ಆ ಪುಸ್ತಕ ಹಿಡಿದು ಹುಡುಕಿದರೆ ಅನೇಕ ಕಲ್ಲುಗಳು ಇಲ್ಲ; ರಸ್ತೆ ಅಗಲೀಕರಣದಲ್ಲಿ, ಮೋರಿಯ ಚಪ್ಪಡಿಯಾಗಿ, ತಳಪಾಯದ ಸೈಜುಗಲ್ಲಾಗಿ ಕಣ್ಮರೆಯಾದವು. ಆಸಕ್ತ ನಾಗರಿಕರ ಗುಂಪೊಂದು ಈ ಹುಡುಕಾಟ ನಡೆಸಿ, ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿಟ್ಟಯ್ಯನ ಶಾಸನದಂಥವನ್ನು ಬೆಳಕಿಗೆ ತಂದಿತು. ಮಿಥಿಕ್ ಸೊಸೈಟಿ ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಮಾಡಿಸುತ್ತಿದೆ. ಇಂಥ ಪ್ರತಿ ಕಲ್ಲಿಗೆ ಬದಲಿಯಲ್ಲ, ಆದರೆ ಅಕ್ಷರ ಉಳಿಯುತ್ತದೆ.

ಕೆಲಸದ ವಿಧಾನ

ಯೋಜನೆಯ ಜಾಗ ನಿಗದಿಯಾಗುವ ಮೊದಲು ಆಗಬೇಕಾದದ್ದು ಕಾಗದದ ಶೋಧ. ಶಾಸನ ಸಂಪುಟಗಳು, ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು, ಹಳೆಯ ಸರ್ವೆ ನಕ್ಷೆಗಳು, ಬೇಚರಾಕ್ (ಜನವಸತಿ ಇಲ್ಲದ) ಗ್ರಾಮಗಳ ಹೆಸರುಗಳು ಸಾಕಷ್ಟು ಸುಳಿವು ಕೊಡುತ್ತವೆ. ಹಾಳೂರು, ಬೂದಿಗುಂಟೆ, ಪಾಂಡವರ ಮನೆ, ಮೋರಿಯರ ಗುಡ್ಡ ಎಂಬ ಹೆಸರು ಕೇಳಿದರೆ ಅನುಭವಿ ಸರ್ವೇಕ್ಷಕ ಅಲ್ಲಿಗೆ ಹೋಗದೆ ಬಿಡುವುದಿಲ್ಲ. ಆಮೇಲೆ ಕಾಲ್ನಡಿಗೆ. ಉಳುಮೆಯಾಗಿ ಒಂದು ಮಳೆ ಬಿದ್ದ ಹೊಲದಲ್ಲಿ ಕಪ್ಪು-ಕೆಂಪು ಮಡಕೆ ಚೂರು, ಕಬ್ಬಿಣದ ಕಿಟ್ಟ, ಮಣಿ, ಕಲ್ಲಿನ ಅಲಗು ಮೇಲೆದ್ದಿರುತ್ತವೆ. ಇಲ್ಲಿ ರೈತರೂ ಕುರಿಗಾಹಿಗಳೂ ಕೊಡುವ ಮಾಹಿತಿಗೆ ಸಮಾನವಾದ ಉಪಕರಣವಿಲ್ಲ. ಉಪಗ್ರಹ ಚಿತ್ರ, ವಿಮಾನದಿಂದ ಲೇಸರ್ ಅಳತೆ, ನೆಲ ಭೇದಿಸುವ ರಾಡಾರ್ ಅದಕ್ಕೆ ಪೂರಕ. ಸಂಶಯದ ಜಾಗದಲ್ಲಿ ಪರೀಕ್ಷಾ ಗುಂಡಿ ತೋಡಿ ಸ್ತರಗಳನ್ನು ನೋಡುತ್ತಾರೆ.

ನೆಲೆ ಇದೆಯೆಂದು ಖಚಿತವಾದರೆ ಮೊದಲ ಆಯ್ಕೆ ಅದನ್ನು ಬಿಟ್ಟು ಹೋಗುವುದು: ರಸ್ತೆಯ ತಿರುವು ಬದಲಿಸುವುದು, ಬಡಾವಣೆಯಲ್ಲಿ ಆ ಭಾಗವನ್ನು ಉದ್ಯಾನವಾಗಿಸುವುದು, ಮೇಲೆ ಮಣ್ಣು ಹೊದಿಸಿ ಆಳದ ತಳಪಾಯ ಬೇಡದ ಬಳಕೆಗೆ ಇಡುವುದು. ಉತ್ಖನನವೂ ಒಂದು ಬಗೆಯ ನಾಶವೇ ಆದ್ದರಿಂದ ಅಗೆಯದೆ ಉಳಿಸುವುದು ಮೇಲು. ಅದು ಆಗದಿದ್ದರೆ ರಕ್ಷಣಾ ಉತ್ಖನನ, ಕಟ್ಟಡವಾದರೆ ಅಳತೆ ಮತ್ತು ಛಾಯಾಚಿತ್ರದ ದಾಖಲೆಯೊಂದಿಗೆ ಸ್ಥಳಾಂತರ. ಕಾಮಗಾರಿ ನಡೆಯುವಾಗ ಮಣ್ಣು ಎತ್ತುವ ಕಡೆ ಪುರಾತತ್ತ್ವ ಬಲ್ಲವರೊಬ್ಬರು ನಿಂತಿರಬೇಕು.

ಎಷ್ಟು ಎಚ್ಚರ ವಹಿಸಿದರೂ ಅನಿರೀಕ್ಷಿತ ಶೋಧಗಳು ಆಗುತ್ತವೆ. ವಿಶ್ವಬ್ಯಾಂಕಿನ 2018ರಿಂದ ಜಾರಿಯಲ್ಲಿರುವ ಪರಿಸರ ಮತ್ತು ಸಾಮಾಜಿಕ ಚೌಕಟ್ಟಿನ ಎಂಟನೆಯ ಮಾನದಂಡ, ತನ್ನ ಸಾಲದ ಕಾಮಗಾರಿಗಳಲ್ಲಿ ಇದಕ್ಕೆ ಲಿಖಿತ ಕ್ರಮ ಇರಬೇಕೆನ್ನುತ್ತದೆ. ಏನಾದರೂ ಕಂಡೊಡನೆ ಆ ಭಾಗದ ಕೆಲಸ ನಿಲ್ಲಬೇಕು, ಜಾಗಕ್ಕೆ ಬೇಲಿ ಹಾಕಬೇಕು, ಸಂಬಂಧಿಸಿದ ಅಧಿಕಾರಿಗಳಿಗೆ ತಿಳಿಸಬೇಕು, ತಜ್ಞರು ನೋಡಿ ಹೇಳುವವರೆಗೆ ಯಾರೂ ಮುಟ್ಟಬಾರದು. ಇದೇ ಷರತ್ತನ್ನು ಲೋಕೋಪಯೋಗಿ, ನೀರಾವರಿ, ನಗರಾಭಿವೃದ್ಧಿ ಸಂಸ್ಥೆಗಳ ಪ್ರತಿ ಟೆಂಡರಿನಲ್ಲೂ ಸೇರಿಸಲು ಹೊಸ ಕಾಯಿದೆ ಬೇಕಿಲ್ಲ. ಕೆಲಸ ನಿಂತ ದಿನಗಳಿಗೆ ಗುತ್ತಿಗೆದಾರನಿಗೆ ಅವಧಿ ವಿಸ್ತರಣೆಯೂ ಪರಿಹಾರವೂ ಖಚಿತವಾಗಿ ಸಿಗುವಂತಿರಬೇಕು. ಸುದ್ದಿ ಕೊಟ್ಟರೆ ನಷ್ಟ, ಮುಚ್ಚಿಟ್ಟರೆ ಲಾಭ ಎಂಬ ಸ್ಥಿತಿ ಇರುವವರೆಗೆ ಕಲ್ಲುಗಳು ರಾತ್ರೋರಾತ್ರಿ ಮಾಯವಾಗುತ್ತಲೇ ಇರುತ್ತವೆ. ಕೆರೆ ಹೂಳೆತ್ತುವ ಕಾಮಗಾರಿಗಳಿಗೂ ಇದು ಅನ್ವಯಿಸಬೇಕು. ನಮ್ಮ ಹಳೆಯ ತೂಬುಗಳೂ ಏರಿಯ ಮೇಲಿನ ಶಾಸನಗಳೂ ಕರ್ನಾಟಕದ ನೀರಾವರಿ ಚರಿತ್ರೆಯ ಮೂಲ ದಾಖಲೆಗಳು. ಜೀರ್ಣೋದ್ಧಾರದ ಹೆಸರಲ್ಲಿ ಕಲ್ಯಾಣಿಗೆ ಸಿಮೆಂಟ್, ಗೋಡೆಗೆ ಬಣ್ಣ ಬಳಿದು ಅಕ್ಷರ ಮುಚ್ಚುವುದನ್ನೂ ನಿಲ್ಲಿಸಬೇಕು.

ತಾಲೂಕುವಾರು ನೆಲೆಗಳ ನಕ್ಷೆಯೊಂದು ಸಿದ್ಧವಾಗಿ, ಭೂಪರಿವರ್ತನೆಯ ಅರ್ಜಿ ಬಂದಾಗ ಸರ್ವೆ ನಂಬರ್ ಹಾಕಿದೊಡನೆ ಎಚ್ಚರಿಕೆ ಕಾಣುವಂತಾದರೆ ಅರ್ಧ ಸಮಸ್ಯೆ ಕಚೇರಿಯಲ್ಲೇ ಬಗೆಹರಿಯುತ್ತದೆ. ಪಹಣಿಗಳೆಲ್ಲ ಕಂಪ್ಯೂಟರಿನಲ್ಲಿರುವ ರಾಜ್ಯಕ್ಕೆ ಇದು ಅಸಾಧ್ಯವಲ್ಲ. ಅಲ್ಲಿಯವರೆಗೆ ತಳಪಾಯ ತೋಡುವಾಗ, ಬೋರ್‌ವೆಲ್ ಅಥವಾ ಕೃಷಿಹೊಂಡ ತೆಗೆಸುವಾಗ ಅಕ್ಷರವಿರುವ ಕಲ್ಲು, ದೊಡ್ಡ ಮಡಕೆ, ಚಪ್ಪಡಿಗಳ ಗೂಡು, ಮೂಳೆ, ನಾಣ್ಯ ಯಾವುದೇ ಕಂಡರೂ ಅಗೆತವನ್ನು ಅಲ್ಲಿಗೇ ನಿಲ್ಲಿಸಿ, ಇದ್ದ ಜಾಗದಲ್ಲೇ ಒಂದು ಫೋಟೊ ತೆಗೆದು, ತಹಸೀಲ್ದಾರರಿಗೆ ಇಲ್ಲವೇ ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಿಳಿಸಿ.